ಆರನೆಯ ಮಾದರಿ

ಸಣ್ಣಿಗೆ ನಲವತ್ತು ದಾಟಿತ್ತು. ಕಾಲೇಜಿಗೆ ಹೋಗುವ ಮಗಳಿದ್ದಳು. ಮುಂಗುರುಳಲ್ಲಿ ಬಿಳಿ ಕೂದಲು ಇಣುಕಿ, ಇಣುಕಿದ್ದು ಸಾಲದೆ ಕಾಲು ಚಾಚಿ ಕೂತಿತ್ತು. ಆದರೂ ಅಪ್ಪನ ಬಾಯಲ್ಲಿ ಅವಳು ಸಣ್ಣಿ, ಹಾಗಾಗಿ ಬೀದಿಯವರ ಬಾಯಲ್ಲೂ ಸಣ್ಣಿಯೇ. ಅಪ್ಪ ಒಂದು ಕಲ್ಲಿಗೆ ಕೊಟ್ಟ ಸಂಖ್ಯೆಯನ್ನೇ ಯಾರೂ ತಿದ್ದದ ಬೀದಿ ಅದು. ಇನ್ನು ಮಗಳನ್ನು ಕರೆದ ಹೆಸರನ್ನು ತಿದ್ದುವವರು ಯಾರು?

ಆ ಬೀದಿಯಲ್ಲಿ ಇದ್ದುದೆಲ್ಲ ಓಪಲ್ ಎಂಬ, ಒಳಗೆ ಬಣ್ಣ ಆಡುವ ರತ್ನದ ಕಲ್ಲಿನವರೇ. ಕೊಯ್ಯುವವರು, ಸಾಣೆ ಹಿಡಿಯುವವರು, ಉಂಗುರಕ್ಕೆ ಕೂರಿಸುವವರು, ಏನೂ ಮಾಡದೆ ಬಾಗಿಲಲ್ಲಿ ನಿಂತು ದಲ್ಲಾಳಿ ಎನ್ನಿಸಿಕೊಂಡವರು. ಇವರೆಲ್ಲರ ನಡುವೆ ಅಪ್ಪನ ಕೆಲಸ ಒಂದೇ: ಕಲ್ಲಿನ ಹೊಳಪು ಎಷ್ಟು ಎಂದು ಹೇಳುವುದು. ಗಣಿಯಿಂದ ಬಂದ ಕಲ್ಲು ಮೊದಲು ಅಪ್ಪನ ಮೇಜಿಗೆ ಬರಬೇಕು. ಒಂದು ಎಂದರೆ ಮಂಕು, ಏಳು ಎಂದರೆ ಕತ್ತಲಲ್ಲೂ ಕೆಂಡ. ಅಪ್ಪ ಹೇಳಿದ ಮೇಲೆ ಕೊಳ್ಳುವವನೂ ತುಟಿ ಎರಡು ಮಾಡುತ್ತಿರಲಿಲ್ಲ, ಮಾರುವವನೂ ಮಾಡುತ್ತಿರಲಿಲ್ಲ.

ಮೇಜಿನ ಕೋಣೆ ಚಿಕ್ಕದು. ಕಿಟಕಿಗೆ ಬೂದು ಪರದೆ, ಗೋಡೆಗೆ ಬೂದು ಬಣ್ಣ. ಬೇರೆ ಯಾವ ಬಣ್ಣವೂ ಕಲ್ಲಿನೊಳಗೆ ನುಗ್ಗಬಾರದು. ಮೇಜಿನ ಮೇಲೆ ಕಪ್ಪು ಬಟ್ಟೆ, ಒಂದು ತೋಳಿನಷ್ಟು ಎತ್ತರದಲ್ಲಿ ದೀಪ, ಬಲಗಡೆ ಅಜ್ಜನ ಕಾಲದ ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಏಳು ಕುಳಿ, ಏಳು ಮಾದರಿ ಕಲ್ಲು, ಒಂದಕ್ಕಿಂತ ಒಂದು ಹೊಳಪು. ಬಂದ ಕಲ್ಲನ್ನು ಅವುಗಳ ಪಕ್ಕಕ್ಕಿಟ್ಟು ಹೋಲಿಸಬೇಕು. ಸುಮ್ಮನೆ ಇಟ್ಟರೆ ಆಗದು. ಕಲ್ಲನ್ನು ದೀಪದ ಕೆಳಗೆ ಸುತ್ತ ಒಂದು ಸಲ ತಿರುಗಿಸಬೇಕು, ಯಾವ ಕಡೆ ಬಣ್ಣ ಸಾಯುತ್ತದೆ ಎಂದು ನೋಡಬೇಕು, ಆಮೇಲೆ ಮೇಜಿನಂಚಿನ ನೆರಳಿಗೆ ತರಬೇಕು. ದೀಪದ ಕೆಳಗೆ ಎಲ್ಲ ಕಲ್ಲೂ ನಗುತ್ತದೆ. ನೆರಳಿನಲ್ಲೂ ನಗುವ ಕಲ್ಲು ಐದರ ಮೇಲಿನದು.

ಅದಕ್ಕೂ ಮುಂಚೆ ಕಲ್ಲು ಒಣಗಬೇಕು. ಗಣಿಯವರು ಕಲ್ಲನ್ನು ನೀರಿನ ಬಾಟಲಿಯಲ್ಲಿ ಹಾಕಿ ತರುತ್ತಾರೆ. ಒದ್ದೆ ಕಲ್ಲು ಇದ್ದುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಕೆಲವು ಜಾತಿಯ ಕಲ್ಲು ನೀರು ಕುಡಿದು ಬಣ್ಣವನ್ನೇ ಬದಲಿಸಿಕೊಂಡು ಕೂರುತ್ತದೆ. ಹಾಗಾಗಿ ಯಾರು ಏನು ತಂದರೂ ಅಪ್ಪನ ಮೊದಲ ಮಾತು, "ಒಣಗಲಿ."

"ಒಣಗಿಸಿ ಒಣಗಿಸಿ ನನ್ನನ್ನೇ ಒಣಗಿಸಿಬಿಟ್ರಿ ಯಜಮಾನ್ರೇ," ಎನ್ನುತ್ತಿದ್ದಳು ಗಣಿಯಕ್ಕ. ಗಂಡ ಹೋದ ಮೇಲೆ ಅವನ ಗಣಿಯನ್ನು ತಾನೇ ಇಳಿದು ಅಗೆಯುತ್ತಿದ್ದ ಹೆಂಗಸು. ಬೆರಳ ಗೆಣ್ಣುಗಳಲ್ಲಿ ಸುಣ್ಣದಂಥ ಮಣ್ಣು, ಬಾಯಲ್ಲಿ ಮಾತ್ರ ಧೂಳು ಕೂರಲು ಬಿಡುತ್ತಿರಲಿಲ್ಲ. ಅವಳ ಗಣಿಯ ಹಣೆಬರಹವೋ ಏನೋ, ಅಲ್ಲಿ ಸಿಗುತ್ತಿದ್ದುದು ಬರೀ ನೀಲಿ ಕಲ್ಲು.

ಸಂಖ್ಯೆ ಹೇಳುವುದಕ್ಕೂ ಅಪ್ಪನ ಮನೆಯಲ್ಲಿ ಒಂದು ಕ್ರಮವಿತ್ತು. ಮೇಜಿಗೆ ಇಬ್ಬರು ಕೂರಬೇಕು. ನಡುವೆ ಒಂದು ಗಿಡ್ಡ ಹಲಗೆ. ಮುಖ ಕಾಣಬೇಕು, ಕೈ ಕಾಣಬಾರದು. ಇಬ್ಬರ ಮುಂದೂ ಒಂದೊಂದು ಲೋಹದ ತಟ್ಟೆ, ಒಂದೊಂದು ಬಟ್ಟಲು, ಒಂದೊಂದು ಹಿಡಿ ಗಾಜಿನ ಮಣಿ. ಕಲ್ಲು ನೋಡಿ, ಎಷ್ಟು ಅನಿಸಿತೋ ಅಷ್ಟು ಮಣಿ ತಟ್ಟೆಗೆ ಹಾಕಿ ಬಟ್ಟಲು ಕವುಚಬೇಕು. ಆಮೇಲೆ ಇಬ್ಬರೂ ಒಟ್ಟಿಗೆ ಎತ್ತಬೇಕು. ಎರಡೂ ಒಂದೇ ಆದರೆ ಅದೇ ಸಂಖ್ಯೆ. ಬೇರೆಯಾದರೆ ಹಿರಿಯ ಕುರ್ಚಿಯ ಸಂಖ್ಯೆಯೇ ಸಂಖ್ಯೆ. ಹಿರಿಯ ಕುರ್ಚಿ ಅಪ್ಪನದು.

ಎರಡನೆಯ ಕುರ್ಚಿ ಒಂದು ಕಾಲಕ್ಕೆ ಸಣ್ಣಿಯದಾಗಿತ್ತು.

ಗಂಡ ತೀರಿಕೊಂಡು, ಮಗುವನ್ನು ಸೊಂಟದ ಮೇಲಿಟ್ಟುಕೊಂಡು ತವರಿಗೆ ಬಂದವಳನ್ನು ಅಪ್ಪನೇ ಕರೆದು ಅಲ್ಲಿ ಕೂರಿಸಿದ್ದ. ಮೊದಲ ವರ್ಷ ಮಣಿಗಳು ತಾಳೆಯಾಗಲಿಲ್ಲ. ಆಮೇಲೆ ಆಗತೊಡಗಿದವು. ಬಟ್ಟಲು ಎತ್ತಿದಾಗ ಎರಡೂ ತಟ್ಟೆಯಲ್ಲಿ ಐದೈದು ಕಂಡರೆ ಅಪ್ಪ ಏನೂ ಹೇಳುತ್ತಿರಲಿಲ್ಲ, ಮೂಗಿನಲ್ಲಿ ಒಂದು "ಹೂಂ". ಆ ಹೂಂಕಾರಕ್ಕಾಗಿ ಸಣ್ಣಿ ಮಧ್ಯಾಹ್ನದ ಊಟ ಮರೆತು ಕೂತದ್ದುಂಟು.

ಆಮೇಲೆ ಬರಬರುತ್ತಾ ಮಣಿಗಳು ಮತ್ತೆ ಬೇರೆಯಾಗತೊಡಗಿದವು. ಎಲ್ಲ ಕಲ್ಲಿಗಲ್ಲ. ಕೆಂಪು, ಹಸಿರು ಕಲ್ಲಿಗೆ ತಾಳೆಯಾಗುತ್ತಿತ್ತು. ನೀಲಿಗೆ ಮಾತ್ರ ಅವಳದು ಐದು, ಅಪ್ಪನದು ನಾಲ್ಕು. ಮರುವರ್ಷ ಅವಳದು ಐದು, ಅಪ್ಪನದು ಮೂರು. "ನೀಲಿ ಎಲ್ಲಾ ಕಡೆ ಸಿಗುತ್ತೆ. ಅದಕ್ಕೆ ಅಷ್ಟೊಂದು ಮೆರವಣಿಗೆ ಬೇಡ," ಎನ್ನುತ್ತಿದ್ದ ಅಪ್ಪ. ಕೇಳಿಸಿಕೊಂಡ ದಲ್ಲಾಳಿಗಳು ಹೊರಗೆ ಹೋಗಿ ಅದನ್ನೇ ಹೇಳಿದರು. ನೋಡನೋಡುತ್ತ ಇಡೀ ಬೀದಿಗೆ ನೀಲಿ ರುಚಿಸದಾಯಿತು. ನೀಲಿ ಕಂಡರೆ ಮೂಗು ಮುರಿಯುವುದೇ ಜಾಣತನವಾಯಿತು.

ಒಂದು ಬೆಳಿಗ್ಗೆ, ಹೊರಗಿನ ವ್ಯಾಪಾರಿಗಳಿಬ್ಬರು ಕೂತಿದ್ದಾಗ, ಅಪ್ಪ ಪೆಟ್ಟಿಗೆಯಿಂದ ಆರನೆಯ ಮಾದರಿ ತೆಗೆದು ದೀಪಕ್ಕೆ ಹಿಡಿದ. ಏಳರಲ್ಲಿ ಅದೊಂದೇ ನೀಲಿ; ಅಜ್ಜ ಆರಿಸಿ ಇಟ್ಟದ್ದು. ಅಪ್ಪ ಅದನ್ನು ತಿರುಗಿಸಿದ, ನೆರಳಿಗೆ ತಂದ, ಮತ್ತೆ ದೀಪಕ್ಕೊಯ್ದ.

"ಇದು ಸತ್ತಿದೆ," ಎಂದ.

ಓಪಲ್ ಸಾಯುವುದುಂಟು. ಒಳಗಿನ ನೀರಿನಂಶ ಆರಿ, ಮೈ ಬಿರುಕು ಬಿಟ್ಟು, ಬೆಳ್ಳಗಾಗಿ ಹೋಗುತ್ತದೆ. ಸಣ್ಣಿ ಬಗ್ಗಿ ನೋಡಿದಳು. ಬಿರುಕಿಲ್ಲ, ಮಂಜಿಲ್ಲ. ಸಂಜೆಯ ಕೊನೆಯ ಬೆಳಕಿನಂಥ ನೀಲಿ, ಅಂಚಿಗೆ ನೇರಳೆ, ತಿರುಗಿಸಿದಾಗ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಓಡುವ ಬೆಂಕಿ.

"ಸತ್ತಿಲ್ಲ ಅಪ್ಪ. ಉರೀತಾ ಇದೆ, ಸರಿಯಾಗಿ ನೋಡಿ," ಎಂದುಬಿಟ್ಟಳು.

ಹೊರಗಿನವರ ಮುಂದೆ ಆ "ಸರಿಯಾಗಿ ನೋಡಿ" ಎಂಬ ಎರಡು ಮಾತು ಆಡಬಾರದಿತ್ತು. ವ್ಯಾಪಾರಿಗಳಲ್ಲೊಬ್ಬ ಕೆಮ್ಮಿದ. ಅಪ್ಪ ಕಲ್ಲನ್ನು ಚೂರುಪಾರು ಹಾಕುವ ತಗಡಿನ ಡಬ್ಬಿಗೆ ಬಿಟ್ಟು, ಕೈ ಒರೆಸಿಕೊಂಡು, ಸಮಾಧಾನವಾಗಿಯೇ ಹೇಳಿದ: "ನಿನಗೆ ಕಣ್ಣಿಲ್ಲ ಸಣ್ಣಿ. ಕೈ ಇದೆ. ನಾಳೆಯಿಂದ ಸಾಣೆಗೆ ಕೂತ್ಕೋ."

ಮರುದಿನ ಎರಡನೆಯ ಕುರ್ಚಿಯಲ್ಲಿ ಅಣ್ಣ ಕೂತಿದ್ದ. ಹಿತ್ತಿಲ ಚಪ್ಪರದಲ್ಲಿ ಸಣ್ಣಿ ಕಲ್ಲನ್ನು ಅರಗಿನಿಂದ ಕಡ್ಡಿಗೆ ಅಂಟಿಸಿ ಸಾಣೆಗೆ ಒಡ್ಡಿದಳು. ಆರನೆಯ ಕುಳಿಗೆ ಬೇರೊಂದು ಕಲ್ಲು ಬಂತು, ಕೆಂಪು ಹಸಿರಿನದು. ಡಬ್ಬಿಗೆ ಬಿದ್ದದ್ದನ್ನು ಸಣ್ಣಿ ಅಂದು ಸಂಜೆಯೇ ಹೆಕ್ಕಿ, ಅಮ್ಮನ ಹಳೆಯ ಸೂಜಿದಾರದ ಡಬ್ಬಿಯಲ್ಲಿ ಮುಚ್ಚಿಟ್ಟಳು.

ಅಣ್ಣನ ಮಣಿಗಳು ಮೊದಲ ದಿನದಿಂದಲೂ ಅಪ್ಪನ ಮಣಿಗಳಿಗೆ ತಾಳೆಯಾದವು. ನೂರಕ್ಕೆ ನೂರು. ಅಪ್ಪ ಹಿಗ್ಗಿದ. ಸಣ್ಣಿಗೆ ಗುಟ್ಟು ಗೊತ್ತಾಗಲು ಹೆಚ್ಚು ದಿನ ಹಿಡಿಯಲಿಲ್ಲ. ತಟ್ಟೆ ಲೋಹದ್ದು, ಮಣಿ ಗಾಜಿನದು. ಅಪ್ಪ ಒಂದೊಂದೇ ಮಣಿ ಬಿಡುವವನು. ಟಿಣ್, ಟಿಣ್, ಟಿಣ್. ಅಣ್ಣ ಕಣ್ಣನ್ನು ಕಲ್ಲಿನ ಮೇಲಿಟ್ಟು, ಕಿವಿಯನ್ನು ಹಲಗೆಯ ಆಚೆಗಿಡುತ್ತಿದ್ದ.

ಅಪ್ಪ ಮೂರು ಎಂದ ನೀಲಿ ಕಲ್ಲನ್ನು ಮೂರರ ಬೆಲೆಗೆ ಕೊಂಡು, ಈ ಬೀದಿಯ ಗಾಳಿ ಸೋಕದ ದೂರದವರಿಗೆ ಅಣ್ಣ ಎಷ್ಟೆಂದು ಮಾರುತ್ತಿದ್ದನೋ, ಪೊಟ್ಟಣ ಕಟ್ಟಿಕೊಡುತ್ತಿದ್ದ ಸಣ್ಣಿಗೆ ಅದೂ ಗೊತ್ತಿತ್ತು. ಮನೆಗೆ ಮೇಲಂತಸ್ತು ಬಂದದ್ದು ಕೆಂಪು ಕಲ್ಲಿನಿಂದಲ್ಲ. ಆ ಮೇಲಂತಸ್ತಿನ ಕೆಳಗೇ ಅವಳೂ ಮಗಳೂ ಮಲಗುತ್ತಿದ್ದರು. ಬಾಯಿಗೆ ಬೀಗ ಹಾಕಿಕೊಂಡಳು.

ಹೀಗೆ ವರ್ಷಗಳು ಕಳೆದ ಮೇಲೆ ಅಪ್ಪನಿಗೆ ದೀಪ ಚುಚ್ಚತೊಡಗಿತು. ದೀಪದ ಸುತ್ತ ಬಳೆಯಂತೆ ಏನೋ ಕಾಣುತ್ತದೆ ಎಂದ. ಬಾಗಿಲಲ್ಲಿ ನಿಂತ ಸೊಸೆಯನ್ನು ದಲ್ಲಾಳಿ ಎಂದುಕೊಂಡು "ಕೂತ್ಕೊಳ್ಳಿ, ಕಲ್ಲು ತಂದಿದ್ದೀರಾ?" ಎಂದು ಕೇಳಿ ಅವಳು ನಾಲ್ಕು ದಿನ ಮುಖ ಗಂಟಿಕ್ಕಿಕೊಳ್ಳುವಂತೆ ಮಾಡಿದ.

"ಡಾಕ್ಟರಿಗೆ ತೋರಿಸೋಣ," ಎಂದಳು ಸಣ್ಣಿ.

"ಆ ಕಣ್ಣಲ್ಲೇ ಇಷ್ಟು ವರ್ಷ ಮನೆ ನಡೆದಿದೆ," ಎಂದ ಅಣ್ಣ. "ಈಗ ಕುಯ್ಸಿ ಇನ್ನೊಂದು ಎಡವಟ್ಟಾದ್ರೆ ಯಾರು ಹೊಣೆ? ನೀನಾ?"

"ಹೂಂ, ನಾನೇ."

"ಹಂಗಾದ್ರೆ ಕರ್ಕೊಂಡು ಹೋಗು. ಆಮೇಲೆ ನನ್ನ ಹತ್ರ ಬರಬೇಡ."

ಕಣ್ಣಿನ ಡಾಕ್ಟರ್ ಅಪ್ಪನ ಗಲ್ಲವನ್ನು ಯಂತ್ರಕ್ಕೆ ಒರಗಿಸಿ, ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಅಪ್ಪನನ್ನು ಹೊರಗೆ ಕೂರಿಸಿ ಸಣ್ಣಿಗೆ ಹೇಳಿದರು: "ಪೊರೆ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದೆ. ಕಡು ಚಹಾದೊಳಗಿಂದ ನೋಡಿದ ಹಾಗೆ ಕಾಣ್ತಿರುತ್ತೆ ಇವರಿಗೆ. ನೀಲಿ ಬಣ್ಣ ನೋಡಿ ಎಷ್ಟೋ ವರ್ಷ ಆಗಿರಬೇಕು. ನಿಧಾನಕ್ಕೆ ಆಗೋದ್ರಿಂದ ಅವರಿಗೇ ಗೊತ್ತಾಗಿರಲ್ಲ. ಏನು ಕೆಲಸ ಮಾಡ್ತಾರೆ?"

ಸಣ್ಣಿಗೆ ನೀಲಿ ಕಲ್ಲಿಗೆ ಬಿದ್ದ ನಾಲ್ಕು ಮಣಿ, ಮೂರು ಮಣಿ ನೆನಪಾದವು.

"ಅಂಗಡಿ ಇದೆ," ಎಂದಳು.

ಆವತ್ತಿನಿಂದ ಅವಳಿಗೆ ಒಂದೇ ಜಪ. ಆಪರೇಷನ್ ಆಗಲಿ. ಅಪ್ಪ ನೋಡಲಿ. ನೋಡಿದವನು ಬಾಯಿ ಬಿಟ್ಟು ಒಂದು ಮಾತು ಹೇಳಲಿ: ನಿನಗೆ ಕಣ್ಣಿದೆ ಸಣ್ಣಿ. ಸಾಕು. ಅಣ್ಣನ ಮೇಲೆ ದೂರು ಹೇಳುವುದಿಲ್ಲ, ಹಳೆಯದನ್ನು ಕೆದಕುವುದಿಲ್ಲ. ಆ ಒಂದು ಮಾತು ಬಂದರೆ ಕುರ್ಚಿ ತಾನಾಗಿ ಬರುತ್ತದೆ. ಕುರ್ಚಿ ಬಂದರೆ ನಾಳೆ ಅಪ್ಪನಿಲ್ಲದ ಮನೆಯಲ್ಲಿ ಅವಳೂ ಮಗಳೂ ಅಣ್ಣನ ದಯೆಯಲ್ಲಿ ಬದುಕುವುದು ತಪ್ಪುತ್ತದೆ.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣು ಕೆಲವು ವಾರ ಬಿಟ್ಟು ಎಂದರು. ಸಣ್ಣಿ ಹೊತ್ತುಹೊತ್ತಿಗೆ ಔಷಧಿಯ ಹನಿ ಬಿಟ್ಟಳು, ತಲೆ ಬಗ್ಗಿಸಬೇಡಿ ಎಂದು ಗದರಿದಳು, ಮುಖಕ್ಕೆ ನೀರು ಬೀಳದಂತೆ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಪಟ್ಟಿ ತೆಗೆದ ಮರುದಿನ ಅವಳ ಮಗಳು ಅಡುಗೆಮನೆಗೆ ಬಂದು ಪಿಸುಗುಟ್ಟಿದಳು.

"ಅಮ್ಮ, ತಾತ ಗೋಡೆ ಜೊತೆ ಕಣ್ಣಾಮುಚ್ಚಾಲೆ ಆಡ್ತಿದ್ದಾರೆ."

ಸಣ್ಣಿ ಹೋಗಿ ನೋಡಿದಳು. ಅಪ್ಪ ಮಂಚದ ಅಂಚಿಗೆ ಕೂತು, ಅಂಗೈಯಿಂದ ಬಲಗಣ್ಣು ಮುಚ್ಚಿ ಗೋಡೆ ನೋಡುತ್ತಿದ್ದ. ಆಮೇಲೆ ಎಡಗಣ್ಣು ಮುಚ್ಚಿ ನೋಡುತ್ತಿದ್ದ. ಮತ್ತೆ ಬಲ. ಮತ್ತೆ ಎಡ. ಅವಳ ಸದ್ದಿಗೆ ತಿರುಗಿ, ಅದೇ ಆಟವನ್ನು ಅವಳ ಸ್ವೆಟರಿನ ಮೇಲೂ ಆಡಿದ.

"ಇದು ಹೊಸದಾ?"

"ಎಲ್ಲಿ ಹೊಸದು. ನಾಲ್ಕು ಚಳಿಗಾಲದಿಂದ ಇದೇ."

"ಬೂದು ಬಣ್ಣದ್ದಲ್ವಾ ನಿಂದು?"

"ಬೂದು ನನ್ನ ಹತ್ರ ಯಾವತ್ತೂ ಇರ್ಲಿಲ್ಲ ಅಪ್ಪ. ಇದು ನೀಲಿ."

ಅಪ್ಪ ಕೈಯನ್ನು ಕಣ್ಣಿನಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡ. ಈಗ ಹೇಳುತ್ತಾನೆ ಎಂದುಕೊಂಡಳು ಸಣ್ಣಿ. ಅಪ್ಪ, "ಕಾಫಿ ಕೊಡ್ತೀಯಾ?" ಎಂದ.

ಕಾಫಿಯ ಜೊತೆಗೆ ಸೂಜಿದಾರದ ಡಬ್ಬಿಯನ್ನೂ ತಂದಳು. ದಾರದ ಉಂಡೆಗಳ ಕೆಳಗಿಂದ ಆರನೆಯ ಮಾದರಿಯನ್ನು ತೆಗೆದು ಅಪ್ಪನ ಅಂಗೈಗಿಟ್ಟಳು. ಕಿಟಕಿಯ ಬೆಳಕಿಗೆ ಕಲ್ಲು ಹೊತ್ತಿಕೊಂಡಿತು. ಅಪ್ಪನ ಬೆರಳು ತಾನಾಗಿ ಅದನ್ನು ತಿರುಗಿಸಿತು, ತಾನಾಗಿ ಹಾಸಿಗೆಯ ನೆರಳಿಗೆ ತಂದಿತು. ನೆರಳಲ್ಲೂ ನೀಲಿ ಆರಲಿಲ್ಲ. ಅಪ್ಪನ ಹೆಬ್ಬೆರಳಿನ ಉಗುರಿಗೂ ಬಣ್ಣ ಮೆತ್ತಿತು. ಅದೇ ಕಲ್ಲು, ಅದೇ ಮೂಲೆ ಸವೆತ, ಹಿಂಬದಿಯಲ್ಲಿ ಅಜ್ಜ ಗೀರಿದ ಗೀಟು. ಗುರುತು ಸಿಗದಿರಲು ಸಾಧ್ಯವೇ ಇರಲಿಲ್ಲ.

ಅಪ್ಪ ಬಹಳ ಹೊತ್ತು ನೋಡಿದ. ಆಮೇಲೆ ತಲೆ ಎತ್ತದೆ ಕೇಳಿದ:

"ನೀರಲ್ಲಿ ಹಾಕಿದ್ದೆಯಾ?"

ಸಣ್ಣಿಗೆ ಮೊದಲು ಅರ್ಥವೇ ಆಗಲಿಲ್ಲ.

"ಏನಪ್ಪ?"

"ನೀರಲ್ಲೋ, ಎಣ್ಣೇಲೋ. ಇಷ್ಟು ದಿನ ನೆನೆಸಿಟ್ಟಿದ್ದೀಯ ಇದನ್ನ. ಗಣಿಯವರು ಮಾಡೋ ಕೆಲಸ. ನನ್ನ ಮಗಳು ಮಾಡ್ತಾಳೆ ಅಂದ್ಕೊಂಡಿರ್ಲಿಲ್ಲ."

"ದಾರದ ಡಬ್ಬೀಲಿ ಇತ್ತು ಅಪ್ಪ. ನೀರಿದ್ರೆ ಸೂಜಿ ತುಕ್ಕು ಹಿಡಿಯಲ್ವಾ? ನೋಡಿ ಬೇಕಾದ್ರೆ."

ಅಪ್ಪ ಸೂಜಿಗಳನ್ನು ನೋಡಲಿಲ್ಲ. "ಒಣಗಲಿ," ಎಂದ.

ಕಲ್ಲು ಅಪ್ಪನ ಕಿಟಕಿಯ ಹಲಗೆಯ ಮೇಲೆ, ಹತ್ತಿಯ ಹಾಸಿನಲ್ಲಿ, ಒಣಗತೊಡಗಿತು. ಎರಡು ದಿನ ಬಿಟ್ಟು ಕೇಳಿದಳು. ಇನ್ನೂ ಒಣಗಿಲ್ಲ ಎಂದ. ಮುಂದಿನ ವಾರ ಕೇಳಿದಳು. "ಒಳಗೆ ಹಿಡ್ಕೊಂಡಿದೆ. ಟೈಮ್ ತಗೊಳ್ಳುತ್ತೆ." ಊಟ ತಂದಾಗ, ಔಷಧಿ ತಂದಾಗ, ಗುಡಿಸಲು ಬಂದಾಗ ಸಣ್ಣಿ ಅದನ್ನು ನೋಡುತ್ತಿದ್ದಳು. ಬಿಸಿಲು ಅದರ ಮೇಲೆ ಬಂದು ಹೋಗುತ್ತಿತ್ತು, ಗೋಡೆಯ ಮೇಲೆ ಒಂದು ನೀಲಿ ಚುಕ್ಕೆ ನಡೆದು ಹೋಗುತ್ತಿತ್ತು. ಜಗತ್ತಿನಲ್ಲಿ ಅಷ್ಟು ಒಣಗಿದ ವಸ್ತು ಇನ್ನೊಂದಿರಲಿಲ್ಲ.

"ಇನ್ನೊಂದು ಕಣ್ಣಿಗೆ ದಿನ ಗೊತ್ತು ಮಾಡ್ಲಾ?" ಎಂದು ಕೇಳಿದಳು.

"ಬೇಡ."

"ಯಾಕಪ್ಪ? ಡಾಕ್ಟರ್ ಹೇಳಿದ್ದಾರಲ್ಲ."

"ಒಂದು ಇರಲಿ ಹಂಗೇ," ಎಂದ ಅಪ್ಪ. "ಅಭ್ಯಾಸದ ಕಣ್ಣು."

ಆ ವಾರವೇ ಊಟಕ್ಕೆ ಕೂತಾಗ ಅಪ್ಪ ಎಲ್ಲರ ಮುಂದೆ ಮಾತು ತೆಗೆದ. ದೀಪದ ಮುಂದೆ ಮೊದಲಿನ ಹಾಗೆ ಕೂರಲು ಆಗುತ್ತಿಲ್ಲ, ಕಣ್ಣಲ್ಲಿ ನೀರು ಬರುತ್ತದೆ, ಹಿರಿಯ ಕುರ್ಚಿಯನ್ನು ಬಿಟ್ಟುಕೊಡುತ್ತೇನೆ ಎಂದ. ಅಣ್ಣ ತುತ್ತು ನಿಲ್ಲಿಸಿದ. ಅತ್ತಿಗೆ ಗಂಡನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದಳು.

"ಬಿಟ್ಟುಕೊಡೋದು ಅಂದ್ರೆ ಕರೆದು ಕೊಡೋದಲ್ಲ. ಇನ್ನು ಬರೋ ಮೊದಲ ಕಲ್ಲಿಗೆ ನನ್ನ ಮಣಿಗೆ ಯಾರ ಮಣಿ ತಾಳೆಯಾಗುತ್ತೋ ಅವರು ಕೂತ್ಕೊಳ್ಳಲಿ."

"ಅದರಲ್ಲೇನಿದೆ, ಇಷ್ಟು ವರ್ಷ ಆಗಿಲ್ವಾ," ಎಂದ ಅಣ್ಣ.

"ಸಣ್ಣೀನೂ ಕೂರಲಿ," ಎಂದ ಅಪ್ಪ, ಯಾರ ಮುಖವನ್ನೂ ನೋಡದೆ. "ಅವಳೂ ನನ್ನ ಮಗಳೇ ತಾನೇ."

ರಾಜಿ ಮಾಡಿಕೊಳ್ಳಲು ಅಪ್ಪ ದಾರಿ ಹುಡುಕುತ್ತಿದ್ದಾನೆ ಎಂದು ಸಣ್ಣಿ ತಿಳಿದಳು. ಬಾಯಿ ಬಿಟ್ಟು ಹೇಳಲಾರ, ಮಣಿಯಲ್ಲಿ ಹೇಳುತ್ತಾನೆ. ಹೇಳಲಿ. ಮಣಿಯಲ್ಲೇ ಹೇಳಲಿ.

ಮೊದಲ ಕಲ್ಲು ತಂದದ್ದು ಗಣಿಯಕ್ಕ. ಯಜಮಾನರಿಗೆ ಹೊಸ ಕಣ್ಣು ಬಂದಿದೆ ಎಂಬ ಸುದ್ದಿ ಗಣಿಯ ತಳಕ್ಕೂ ಇಳಿದಿತ್ತು. ತಲೆ ಬಾಚಿ, ಒಗೆದ ಬಟ್ಟೆ ಹಾಕಿಕೊಂಡು, ಮದುವೆಗೆ ಹೊರಟವಳಂತೆ ಬಂದಳು. ಬಟ್ಟೆಯ ಗಂಟಿನ ಮಡಿಕೆಯೊಳಗಿನ ಮಡಿಕೆ ಬಿಡಿಸಿ ಒಂದು ಕಲ್ಲು ತೆಗೆದಳು.

"ಬಾಟಲೀಲಿ ತಂದಿಲ್ಲ ಯಜಮಾನ್ರೇ. ಎರಡು ವರ್ಷದಿಂದ ನನ್ನ ದಿಂಬಿನ ಕೆಳಗೆ ಒಣಗಿದೆ. ನಿಮ್ಮ ಹಳೇ ಕಣ್ಣಿಗೆ ಇದನ್ನ ತೋರಿಸೋಕೆ ಮನಸ್ಸು ಬರ್ಲಿಲ್ಲ, ಬೇಜಾರು ಮಾಡ್ಕೋಬೇಡಿ."

ಅಣ್ಣ ಎರಡನೆಯ ಕುರ್ಚಿಯನ್ನು ಎಳೆದುಕೊಂಡ.

"ಇವರು ಬೇಡ," ಎಂದಳು ಗಣಿಯಕ್ಕ. "ನಿಮ್ಮ ಮಗ ಕಿವೀಲಿ ಕಲ್ಲು ನೋಡ್ತಾರೆ. ನಾವೇನು ಹಾಡು ತಂದಿದ್ದೀವಾ? ಸಣ್ಣಮ್ಮ ಕೂರಲಿ."

ಬಾಗಿಲಲ್ಲಿದ್ದ ದಲ್ಲಾಳಿಗಳು ಕಿಸಕ್ಕೆಂದರು. ಅಣ್ಣನ ಕಿವಿಯೇ ಕೆಂಪಾಯಿತು. ಅಪ್ಪ ಗದ್ದದಿಂದ ಸಣ್ಣಿಗೆ ಕುರ್ಚಿ ತೋರಿಸಿದ. ಅಣ್ಣ ಎದ್ದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

ಎಷ್ಟೋ ವರ್ಷಗಳ ಮೇಲೆ ಸಣ್ಣಿ ಆ ಕುರ್ಚಿಯಲ್ಲಿ ಕೂತಳು. ಕೈಯಲ್ಲಿ ಸಾಣೆಯ ಕೆಸರಿನ ವಾಸನೆ. ಅಪ್ಪ ಕಲ್ಲನ್ನು ದೀಪದ ಕೆಳಗಿಟ್ಟು ತಿರುಗಿಸಿದ. ಕಡು ಮೈಯ ಕಲ್ಲು, ಹೆಬ್ಬೆರಳಿನ ಉಗುರಿನಷ್ಟು ಅಗಲ. ನೀಲಿ ಒಂದು ಅಂಚಿನಿಂದ ಎದ್ದು, ಇಡೀ ಮುಖವನ್ನು ತೊಳೆದುಕೊಂಡು ಆ ಅಂಚಿಗೆ ಹೋಗಿ ಬಿತ್ತು; ಅದು ಬೀಳುವಷ್ಟರಲ್ಲಿ ಈ ಅಂಚಿನಿಂದ ಇನ್ನೊಂದು ಎದ್ದಿತು. ಯಾವ ಕಡೆಗೂ ಸಾಯಲಿಲ್ಲ. ಅಪ್ಪ ನೆರಳಿಗೆ ತಂದ. ನೆರಳಲ್ಲೂ ಇತ್ತು. ಗಣಿಯಕ್ಕ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಕಲ್ಲನ್ನು ನೋಡುವ ಅಗತ್ಯ ಅವಳಿಗಿರಲಿಲ್ಲ.

ಸಣ್ಣಿ ಯೋಚಿಸಲಿಲ್ಲ. ಕೈ ತಾನಾಗಿ ಆರು ಮಣಿಗಳನ್ನು, ಸದ್ದಾಗದಂತೆ, ಬೆರಳಿನಿಂದ ಇಳಿಸಿ ತಟ್ಟೆಯ ಮೇಲೆ ಇಟ್ಟಿತು.

ಹಲಗೆಯ ಆಚೆಯಿಂದ ಅಪ್ಪನ ಮಣಿಗಳು ಬಿದ್ದವು. ಕೇಳಬಾರದೆಂದುಕೊಂಡಳು, ಕಿವಿ ಕೇಳಿತು. ಒಂದು. ಎರಡು. ಮೂರು. ಸ್ವಲ್ಪ ತಡೆದು ನಾಲ್ಕು. ಐದು. ಆರು.

ಆರು. ಸಣ್ಣಿಯ ಕಣ್ಣು ತುಂಬಿ ಬಂತು. ಹಲಗೆಯ ಮೇಲಿಂದ ಅಪ್ಪನ ಮುಖ ನೋಡಿದಳು. ಅಪ್ಪನೂ ಬಟ್ಟಲು ಕೈಗೆತ್ತಿಕೊಂಡಿದ್ದ. ಕವುಚಲಿಲ್ಲ. ಅವನ ಕಣ್ಣು ಕಲ್ಲಿನಿಂದ ಗಣಿಯಕ್ಕನ ಬೆರಳ ಗೆಣ್ಣಿಗೆ ಹೋಯಿತು. ಅಲ್ಲಿಂದ ಬಾಗಿಲಲ್ಲಿ ಕತ್ತು ಚಾಚಿ ನಿಂತ ದಲ್ಲಾಳಿಗಳಿಗೆ, ಅವರು ನಾಳೆ ಬೀದಿಯಲ್ಲಿ ಆಡಬಹುದಾದ ಮಾತಿಗೆ, ಅಲ್ಲಿಂದ ಮಗನಿಗೆ ಹೋಯಿತು. ಆಮೇಲೆ ಬಟ್ಟಲನ್ನು ಕೆಳಗಿಟ್ಟು, ಬಲ ಅಂಗೈ ಎತ್ತಿ, ಹೊಸ ಕಣ್ಣನ್ನು ಮುಚ್ಚಿಕೊಂಡ. ಎಡಗಣ್ಣಿನಿಂದ, ಆ ಕಡು ಚಹಾದ ಕಣ್ಣಿನಿಂದ, ಕಲ್ಲನ್ನು ಮತ್ತೊಮ್ಮೆ ಶ್ರದ್ಧೆಯಿಂದ ತಿರುಗಿಸಿ ತಿರುಗಿಸಿ ನೋಡಿದ. ಮುಖದಲ್ಲಿ ಒಂದು ಬಗೆಯ ನೆಮ್ಮದಿ ಬಂತು.

ತಟ್ಟೆಯ ಮೇಲೆ ಮಣಿಗಳು ಉಜ್ಜಿ ಸರಿದ ಸದ್ದು. ಒಂದು ಹೋಯಿತು. ಇನ್ನೊಂದು. ಮತ್ತೊಂದು. ಬಟ್ಟಲು ಕವುಚಿಕೊಂಡಿತು.

ಸಣ್ಣಿಯ ಬಟ್ಟಲು ಇನ್ನೂ ಕೈಯಲ್ಲೇ ಇತ್ತು.

"ಆಯ್ತಾ?" ಎಂದ ಅಪ್ಪ. ಅಂಗೈ ಇಳಿಸಿ ಎರಡೂ ಕಣ್ಣಿನಿಂದ ಅವಳನ್ನೇ ನೋಡುತ್ತಿದ್ದ. ಅವಳಿಗೆ ಕೇಳಿಸಿದೆ ಎಂದು ಅವನಿಗೆ ಗೊತ್ತಿತ್ತು. ಬೇಕೆಂದೇ ಒಂದೊಂದಾಗಿ ತೆಗೆದಿದ್ದ.

ಆರು ಮಣಿಗಳು ಅವಳ ಮುಂದೆ ಸಾಲಾಗಿ ಕೂತಿದ್ದವು. ಬಟ್ಟಲು ಕವುಚಿದರೆ ಸಾಕು. ಆಮೇಲೆ ಹಿಂದಿನದೇ ಕಥೆ: ನಿನಗೆ ಕಣ್ಣಿಲ್ಲ ಸಣ್ಣಿ, ಚಪ್ಪರ, ಅರಗು, ಸಾಣೆ, ಕುರ್ಚಿಯಲ್ಲಿ ಅಣ್ಣನ ಕಿವಿ. ಗಣಿಯಕ್ಕನಿಗೂ ಅದರಿಂದ ಬರುವುದೇನು? ಹಿರಿಯ ಕುರ್ಚಿಯ ಸಂಖ್ಯೆಯೇ ಸಂಖ್ಯೆ, ಹೇಗಿದ್ದರೂ ಮೂರೇ. ಈ ಒಂದು ಕಲ್ಲು, ಎಂದುಕೊಂಡಳು. ಇದೊಂದು ಕಲ್ಲು. ಕುರ್ಚಿ ಕೈಗೆ ಬಂದ ಮೇಲೆ ಮುಂದಿನ ಕಲ್ಲಿಗೆ ನಾನೇ ಹೇಳುವವಳು. ಆಗ ಯಾರ ಹಂಗೂ ಇಲ್ಲ.

ಹೀಗೆ ಅಂದುಕೊಳ್ಳುವಷ್ಟರಲ್ಲಿ ಬೆರಳು ಕೆಲಸ ಮುಗಿಸಿತ್ತು. ಅರಗು ಹಿಡಿದು ಪಳಗಿದ ಬೆರಳು; ಒಂಚೂರೂ ಸದ್ದಾಗಲಿಲ್ಲ.

ಎರಡೂ ಬಟ್ಟಲು ಒಟ್ಟಿಗೆ ಎದ್ದವು. ಈ ಕಡೆ ಮೂರು. ಆ ಕಡೆ ಮೂರು.

ಗಣಿಯಕ್ಕ ಮೊದಲು ಅಪ್ಪನ ತಟ್ಟೆ ನೋಡಿದಳು, ಅದಕ್ಕೆ ತಯಾರಾಗಿ ಬಂದವಳಂತೆ ತಲೆ ಆಡಿಸಿದಳು. ಆಮೇಲೆ ಸಣ್ಣಿಯ ತಟ್ಟೆ ನೋಡಿದಳು. ಅದಕ್ಕೆ ಅವಳು ತಯಾರಾಗಿರಲಿಲ್ಲ.

"ನೀನೂನಾ ಸಣ್ಣಮ್ಮ?"

ಸಣ್ಣಿ ಮಣಿಗಳನ್ನು ಬಳಿದು ಬಟ್ಟಲಿಗೆ ಹಾಕಿಕೊಂಡಳು. ಕೈಗೆ ಏನಾದರೂ ಕೆಲಸ ಬೇಕಾಗಿತ್ತು.

"ಕೊಡ್ತೀಯೋ, ತಗೊಂಡು ಹೋಗ್ತೀಯೋ?" ಎಂದ ಅಣ್ಣ ಬಾಗಿಲಿನಿಂದ. ಅವನ ದನಿ ಮತ್ತೆ ಮೊದಲಿನಂತಾಗಿತ್ತು. ಕುರ್ಚಿ ಹೋದರೂ ವ್ಯಾಪಾರ ಉಳಿದಿತ್ತು.

"ಇಡೀ ಬೀದೀನೇ ಮೂರು ಅಂದ್ಮೇಲೆ ತಗೊಂಡು ಹೋಗಿ ಎಲ್ಲಿ ಹೂತು ಹಾಕ್ಲಿ?" ಎಂದಳು ಗಣಿಯಕ್ಕ. ಕಲ್ಲನ್ನು ಕೊನೆಯ ಸಲ ಮುಷ್ಟಿಯಲ್ಲಿ ಹಿಡಿದು, ಬಿಚ್ಚಿ, ಅಣ್ಣನ ಕೈಗೆ ಸುರಿದಳು. ಹೊಸ್ತಿಲು ದಾಟುವಾಗ ಬಿಸಿಲಿಗೆ ಕೈ ಅಡ್ಡ ಹಿಡಿದು, ಯಾರನ್ನೂ ನೋಡದೆ ಅಂದಳು: "ಕಣ್ಣಿಗೆ ಔಷಧಿ ಮರೀಬೇಡಿ ಯಜಮಾನ್ರೇ. ಚೆನ್ನಾಗಿ ನೋಡ್ಕೊಂಡಿದ್ದಾಳೆ ಮಗಳು."

ಅವಳ ಹಿಂದೆಯೇ ದಲ್ಲಾಳಿಗಳೂ ಚದುರಿದರು. ಅಪ್ಪ ಮೇಜಿಗೆ ಕೈಯೂರಿ ನಿಧಾನವಾಗಿ ಎದ್ದ. ಹಿರಿಯ ಕುರ್ಚಿಯನ್ನು ತಾನೇ ಹಿಂದಕ್ಕೆ ಎಳೆದು ಸಣ್ಣಿಯ ಕಡೆ ತಿರುಗಿಸಿದ. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟ. ಮದುವೆಯ ದಿನ ಇಟ್ಟಿದ್ದ, ಗಂಡ ಹೋದ ದಿನ ಇಟ್ಟಿದ್ದ, ಅದು ಬಿಟ್ಟರೆ ಇವತ್ತೇ.

"ಈಗ ನಿನಗೆ ಕಣ್ಣು ಬಂತು," ಎಂದ.

ಇಷ್ಟು ವರ್ಷ ಕಾದ ಮಾತು. ಸಣ್ಣಿ ಅದು ಎದೆಯೊಳಗೆ ಎಲ್ಲಾದರೂ ತಾಗೀತೇ ಎಂದು ಒಂದು ಗಳಿಗೆ ಕಾದಳು. ತಲೆಯ ಮೇಲಿನ ಕೈ ಭಾರವಾಗಿತ್ತು, ಅಷ್ಟೇ.

"ನನ್ನ ಕಿಟಕೀಲಿ ಒಂದು ಕಲ್ಲು ಒಣಗೋಕೆ ಇಟ್ಟಿದ್ದೆ. ಈಗ ಒಣಗಿರಬೇಕು," ಎಂದ ಅಪ್ಪ, ಬಾಗಿಲ ಕಡೆ ಹೆಜ್ಜೆ ಹಾಕುತ್ತ. "ನೋಡಿ ಡಬ್ಬಿಗೆ ಹಾಕಿಬಿಡು."

ಅವಳು ಹೋಗಿ ಹತ್ತಿಯ ಮೇಲಿಂದ ಆರನೆಯ ಮಾದರಿಯನ್ನು ಎತ್ತಿದಳು. ಬಿಸಿಲಿಗೆ ಬೆಚ್ಚಗಾಗಿತ್ತು. ಮೇಜಿನ ಕೋಣೆಗೆ ಬರುವವರೆಗೂ ಮುಷ್ಟಿಯ ಸಂದಿಯಿಂದ ನೀಲಿ ಕಾಣುತ್ತಲೇ ಇತ್ತು. ತಗಡಿನ ಡಬ್ಬಿಯ ಮೇಲೆ ಕೈ ಬಿಚ್ಚಿದಳು. ಚೂರುಗಳ ನಡುವೆ ಅದು ಬಿದ್ದು, ಒಂದು ಸಲ ಉರುಳಿ, ಮುಖ ಮೇಲೆ ಮಾಡಿ ನಿಂತಿತು. ಅಂದಿನ ಹಾಗೆ ಸಂಜೆ ಹೆಕ್ಕಿಕೊಂಡರಾಯಿತು ಎಂದುಕೊಂಡು ಮುಚ್ಚಳ ಹಾಕಿದಳು.

ಹಿರಿಯ ಕುರ್ಚಿ ಅಪ್ಪನ ಎತ್ತರಕ್ಕೆ ಮಾಡಿಸಿದ್ದು. ಅವಳ ಕಾಲು ನೆಲಕ್ಕೆ ಪೂರ್ತಿ ತಾಕುತ್ತಿರಲಿಲ್ಲ. ಎದುರಿನ ಕುರ್ಚಿಯಲ್ಲಿ ಅಣ್ಣ ಬಂದು ಕೂತ, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ, ಹಲಗೆಯ ಕಡೆಗೆ ತಲೆ ಸ್ವಲ್ಪ ವಾಲಿಸಿದ. ಬಾಗಿಲಲ್ಲಿ ಮತ್ತೊಬ್ಬ ಗಣಿಯವನು ನಿಂತಿದ್ದ, ಕೈಯಲ್ಲಿ ನೀರಿನ ಬಾಟಲಿ. ನೀರಿನೊಳಗಿಂದ ನೀಲಿ ಮಿನುಗಿತು. ಅವನು ಅಪ್ಪನನ್ನು ಹುಡುಕಿ, ಕಾಣದೆ, ಕುರ್ಚಿಯಲ್ಲಿದ್ದವಳನ್ನು ನೋಡಿದ.

"ಎಷ್ಟು ಹೇಳ್ತೀರಮ್ಮ ಇದಕ್ಕೆ?"

ಸಣ್ಣಿ ಬಾಟಲಿಯಿಂದ ಕಣ್ಣು ತೆಗೆದಳು.

"ಒಣಗಲಿ," ಎಂದಳು.